ಕುರಿ ಗಬ್ಬ ಕಟ್ಟಲು ಪೂರಕ ಆಹಾರ: ಟಗರು ಬಿಡುವ ದಿನದಿಂದ ಹಿಂದಕ್ಕೆ ಎಣಿಸಿ ಮಾಡುವ ಕ್ರಮ

ಖನಿಜ ಮಿಶ್ರಣ ಕೊಟ್ಟೆ, ಟಾನಿಕ್ ಕುಡಿಸಿದೆ, ಕಾಳು ಹಾಕಿದೆ. ಆದರೂ ಅರ್ಧ ಕುರಿ ಗಬ್ಬ ನಿಂತಿಲ್ಲ, ನಿಂತವು ಒಂದೊಂದೇ ಮರಿ ಹಾಕಿವೆ. ಕುರಿ ಸಾಕುವವರಿಂದ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಹೆಚ್ಚಿನ ಕಡೆ ಕೊಟ್ಟ ಪದಾರ್ಥ ಸರಿಯಾಗಿಯೇ ಇರುತ್ತದೆ, ಕೊಟ್ಟ ಹೊತ್ತು ತಪ್ಪಿರುತ್ತದೆ. ಟಗರು ಹಿಂಡಿಗೆ ಬಂದ ದಿನವೇ ಕಾಳು ಶುರು ಮಾಡಿದರೆ ಆ ಸಲದ ಬೆದೆಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಹೊಟ್ಟೆ ತುಂಬ ಜಂತುಹುಳು ಇರುವ ಕುರಿಗೆ ಖನಿಜ ಕೊಟ್ಟರೂ ಅಷ್ಟೇ.

ಅದಕ್ಕೇ ಈ ಬರಹ ಪದಾರ್ಥಗಳ ಪಟ್ಟಿಯಿಂದ ಶುರುವಾಗುವುದಿಲ್ಲ, ದಿನಾಂಕದಿಂದ ಶುರುವಾಗುತ್ತದೆ. ಪ್ರತಿ ಹಂತವನ್ನೂ ಅದರಲ್ಲಿ ಹೇಳಿದ ವಾರದಲ್ಲೇ ಮಾಡಿ. ನಡುವಿನದು ಬಿಟ್ಟು ಮುಂದಿನದಕ್ಕೆ ಹಾರಬೇಡಿ.

## ಮೊದಲೇ ಹೊಂದಿಸಿಕೊಳ್ಳಬೇಕಾದದ್ದು

ಕಿವಿಯೋಲೆ ಅಥವಾ ಅಳಿಸದ ಗುರುತು, ಒಂದು ನೋಟ್‌ಬುಕ್, ಕಾಳು ತೂಗಲು ತಕ್ಕಡಿ, ಕುರಿ ತೂಗುವ ವ್ಯವಸ್ಥೆ ಸಿಕ್ಕರೆ ಅದೂ ಇರಲಿ. ಟಗರಿನ ಎದೆಗೆ ಹಚ್ಚಲು ಎರಡು ಮೂರು ಬಣ್ಣ ಬೇಕು. ಎಲ್ಲ ಕುರಿಗಳೂ ಒಟ್ಟಿಗೆ ಬಾಯಿ ಹಾಕುವಷ್ಟು ಉದ್ದದ ಗೋದಲಿ ಬೇಕೇಬೇಕು. ದೊಡ್ಡ ಕುರಿಗೆ ತಲಾ 40ರಿಂದ 45 ಸೆಂ.ಮೀ. ಜಾಗ ಎಂದು ಲೆಕ್ಕ ಹಾಕಿ. ಗೋದಲಿ ಗಿಡ್ಡವಾದರೆ ಬಲವಾದ ಕುರಿ ಎರಡು ಪಾಲು ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತದೆ. ಯಾವುದಕ್ಕೆ ನಿಜವಾಗಿ ಬೇಕಿತ್ತೋ ಆ ಬಡಕಲು ಕುರಿ ಹಿಂದೆ ನಿಂತು ನೋಡುತ್ತದೆ. ಪೂರಕ ಆಹಾರ ವ್ಯರ್ಥವಾಗುವ ಮೊದಲ ಜಾಗವೇ ಇದು.

## ಹಂತ 1: ದಿನ ಗೊತ್ತು ಮಾಡಿ

ಕುರಿಯ ಗಬ್ಬದ ಅವಧಿ ಸುಮಾರು 147 ದಿನ, ಅಂದರೆ ಐದು ತಿಂಗಳಿಗೆ ಸ್ವಲ್ಪ ಕಡಿಮೆ. ಮರಿ ಹಾಕುವ ಹೊತ್ತಿಗೆ ಮೇವು ಚೆನ್ನಾಗಿರಬೇಕು. ಆ ಕಾಲ ನೋಡಿಕೊಂಡು ಐದು ತಿಂಗಳು ಹಿಂದಕ್ಕೆ ಬನ್ನಿ. ಅದು ಟಗರು ಬಿಡುವ ದಿನ.

ಅಲ್ಲಿಂದ ಮತ್ತೆ ಹಿಂದಕ್ಕೆ ಎಣಿಸಿ. 8 ವಾರ ಮೊದಲು ಕುರಿಗಳ ಮೈಕಟ್ಟು ನೋಡಬೇಕು, ಟಗರಿನ ತಯಾರಿ ಶುರುವಾಗಬೇಕು, ಖನಿಜವೂ ಶುರುವಾಗಬೇಕು. 4 ವಾರ ಮೊದಲು ಜಂತು, ಕಾಲು, ಲಸಿಕೆ ಕೆಲಸ ಮುಗಿದಿರಬೇಕು. 3 ವಾರ ಮೊದಲು ಕಾಳು. ಈ ನಾಲ್ಕು ದಿನಾಂಕಗಳನ್ನು ನೋಟ್‌ಬುಕ್‌ನ ಮೊದಲ ಪುಟದಲ್ಲೇ ಬರೆದಿಡಿ.

ಮರಿ ಇನ್ನೂ ಹಾಲು ಕುಡಿಯುತ್ತಿದ್ದರೆ ಮೊದಲು ಬಿಡಿಸಿ. ಹಾಲು ಬಿಟ್ಟ ಮೇಲೆ ತಾಯಿಗೆ ಮೈ ತುಂಬಿಕೊಳ್ಳಲು 6ರಿಂದ 8 ವಾರವಾದರೂ ಸಿಗಬೇಕು.

## ಹಂತ 2: ಮೈಕಟ್ಟನ್ನು ಕೈಯಿಂದ ನೋಡಿ (8 ವಾರ ಮೊದಲು)

ಕಣ್ಣಿಂದ ನೋಡಿ ನಿರ್ಧರಿಸಬೇಡಿ. ಉಣ್ಣೆ ಮೋಸ ಮಾಡುತ್ತದೆ, ಉಬ್ಬಿದ ಹೊಟ್ಟೆಯೂ ಮೋಸ ಮಾಡುತ್ತದೆ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಭಾಗದಲ್ಲಿ ಬೆನ್ನುಮೂಳೆಯ ಮೇಲೆ ಕೈಯಿಟ್ಟು ಒತ್ತಿ ನೋಡಿ. ಬೆನ್ನುಮೂಳೆಯ ಮೇಲ್ತುದಿ ಎಷ್ಟು ಚೂಪಾಗಿದೆ? ಪಕ್ಕಕ್ಕೆ ಚಾಚಿದ ಮೂಳೆಗಳ ಕೆಳಗೆ ಬೆರಳು ಹೋಗುತ್ತದೆಯೇ? ಎರಡರ ನಡುವೆ ಮಾಂಸ ಎಷ್ಟು ತುಂಬಿದೆ? ಈ ಮೂರನ್ನು ನೋಡಿ 1ರಿಂದ (ತೀರಾ ಬಡಕಲು) 5ರೊಳಗೆ (ತೀರಾ ಕೊಬ್ಬು), ಅರ್ಧ ಅರ್ಧ ಅಂಕದ ಲೆಕ್ಕದಲ್ಲಿ, ಅಂಕ ಕೊಡಿ.

ಅಂದಾಜು ಸಿಗಲು ನಿಮ್ಮ ಕೈಯನ್ನೇ ಬಳಸಬಹುದು. ಮುಷ್ಟಿ ಬಿಗಿಹಿಡಿದು ಗೆಣ್ಣುಗಳ ಮೇಲೆ ಬೆರಳಾಡಿಸಿ. ಬೆನ್ನು ಹಾಗೆ ಚೂಪಾಗಿ ಸಿಕ್ಕರೆ ಕುರಿ ತೀರಾ ಬಡಕಲು. ಕೈ ಬಿಚ್ಚಿ ಹಿಂಬದಿ ಸವರಿದಾಗ ಮೂಳೆ ಗೊತ್ತಾಗುತ್ತದೆ, ಆದರೆ ಚುಚ್ಚುವುದಿಲ್ಲ. ಅದು 3ರ ಹತ್ತಿರ. ಹೆಬ್ಬೆರಳ ಬುಡದ ಮಾಂಸದಂತೆ ಮೆತ್ತಗೆ ಸಿಕ್ಕರೆ ಕೊಬ್ಬು ಜಾಸ್ತಿ.

ಟಗರು ಬಿಡುವ ದಿನ ಹೆಚ್ಚಿನ ಕುರಿಗಳು 3ರಿಂದ 3.5ರಲ್ಲಿ ಇರಬೇಕು. ಈಗ ಹಿಂಡನ್ನು ಮೂರು ಗುಂಪು ಮಾಡಿ.

2.5ಕ್ಕಿಂತ ಕೆಳಗಿರುವವು ಮೊದಲ ಗುಂಪು. ಇವಕ್ಕೆ ಈವತ್ತಿನಿಂದಲೇ ಒಳ್ಳೆಯ ಮೇವು ಬೇಕು. ಒಂದು ಅಂಕ ಏರಲು ಚೆನ್ನಾಗಿ ಮೇಯಿಸಿದರೂ 6ರಿಂದ 8 ವಾರ ಹಿಡಿಯುತ್ತದೆ. ಕೊನೆಯ ಮೂರು ವಾರದ ಕಾಳಿನಿಂದ ಅದು ಆಗುವ ಕೆಲಸವಲ್ಲ. 2.5ರಿಂದ 3ರವರೆಗಿನವು ಎರಡನೇ ಗುಂಪು. ಕಾಳಿಗೆ ಚೆನ್ನಾಗಿ ಸ್ಪಂದಿಸಿ ಅವಳಿ ಕೊಡುವುದು ಹೆಚ್ಚಾಗಿ ಇವೇ. ಉಳಿದವು 3.5 ಮತ್ತು ಅದಕ್ಕಿಂತ ಮೇಲಿನವು. ಇವಕ್ಕೆ ಹೆಚ್ಚುವರಿ ಕಾಳು ಬೇಡ. ಮೊದಲೇ ಮೈತುಂಬಿದ ಕುರಿ ಇನ್ನಷ್ಟು ತಿಂದರೆ ಹೆಚ್ಚು ಮೊಟ್ಟೆ ಬಿಡುವುದಿಲ್ಲ. ತೀರಾ ಕೊಬ್ಬಿದವನ್ನು ಈಗಲೇ ನಿಧಾನವಾಗಿ ಇಳಿಸಿ, ಟಗರು ಬಿಡುವ ಹೊತ್ತಿಗೆ ಉಪವಾಸ ಕೆಡವಬೇಡಿ.

ಮೊದಲ ಸಲ ಗಬ್ಬಕ್ಕೆ ಬರುವ ಎಳೆಯ ಕುರಿಗಳನ್ನು ಬೇರೆ ಇಡಿ. ಆ ತಳಿಯ ದೊಡ್ಡ ಕುರಿಯ ತೂಕದ ಶೇ. 65ರಿಂದ 70ರಷ್ಟು ಬಂದಿಲ್ಲದಿದ್ದರೆ ಈ ಸಲ ಟಗರಿಗೆ ಬಿಡಬೇಡಿ.

## ಹಂತ 3: ತಿಂದದ್ದು ಮೈಗೆ ಹತ್ತುವಂತೆ ಮಾಡಿ (4 ವಾರ ಮೊದಲು)

ಕೆಳ ರೆಪ್ಪೆ ಎಳೆದು ಒಳಭಾಗ ನೋಡಿ. ಕೆಂಪಾಗಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ರಕ್ತ ಹೀರುವ ಹುಳು ಇರುವ ಸಾಧ್ಯತೆ ಹೆಚ್ಚು. ಹಿಕ್ಕೆ ಪರೀಕ್ಷೆ ಮಾಡಿಸಿ, ಬಂದ ಫಲಿತಾಂಶ ನೋಡಿ ಔಷಧ ಕೊಡಿಸಿ. ಇಡೀ ಹಿಂಡಿಗೆ ಕಣ್ಣು ಮುಚ್ಚಿ ಅದೇ ಔಷಧ ಕುಡಿಸುತ್ತ ಹೋದರೆ ಹುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಡೋಸನ್ನು ಕುರಿಯ ತೂಕಕ್ಕೆ ಹಾಕಬೇಕು, ಅಂದಾಜಿಗೆ ಅಲ್ಲ.

ಆಲ್ಬೆಂಡಜೋಲ್ ಅನ್ನು ಗಬ್ಬದ ಮೊದಲ 30 ದಿನದಲ್ಲಿ ಕೊಡಬಾರದು, ಭ್ರೂಣಕ್ಕೆ ಹಾನಿ. ಟಗರು ಹಿಂಡಿನಲ್ಲಿರುವಾಗ ಯಾವ ಕುರಿ ಯಾವ ದಿನ ಗಬ್ಬ ಕಟ್ಟಿತು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಹಾಗಾಗಿ ಜಂತಿನ ಕೆಲಸ ಟಗರು ಬರುವ ಮೊದಲೇ ಮುಗಿಯಬೇಕು.

ಹಲ್ಲು ಸವೆದಿದ್ದರೆ, ಕೆಚ್ಚಲು ಗಟ್ಟಿಯಾಗಿದ್ದರೆ ಆ ಕುರಿಯನ್ನು ಈಗಲೇ ಪಟ್ಟಿಯಿಂದ ತೆಗೆಯಿರಿ. ಗೊರಸು ಬೆಳೆದಿದ್ದರೆ ಕತ್ತರಿಸಿ. ಕಾಲು ತೊಳೆಯಲು ಮೈಲುತುತ್ತದ ನೀರು ಬಳಸಬೇಡಿ, ಕುರಿ ಕುಡಿದರೆ ತಾಮ್ರದ ವಿಷವಾಗುತ್ತದೆ. ಜಿಂಕ್ ಸಲ್ಫೇಟ್ ಸಾಕು. ಕಾಳು ತಿನ್ನಿಸುವ ಹಿಂಡಿಗೆ ಕರುಳುಬೇನೆಯ ಲಸಿಕೆ ಮೊದಲೇ ಬಿದ್ದಿರಬೇಕು, ಮೇವು ಬದಲಾದಾಗಲೇ ಆ ರೋಗ ಎದ್ದು ಬರುವುದು.

## ಹಂತ 4: ಟಗರನ್ನು ಮರೆಯಬೇಡಿ (8 ವಾರ ಮೊದಲು)

ವೀರ್ಯಾಣು ತಯಾರಾಗಿ ಹೊರಬರಲು ಏಳೆಂಟು ವಾರ ಬೇಕು. ಇವತ್ತು ಟಗರು ತಿಂದದ್ದರ ಫಲ ಎರಡು ತಿಂಗಳ ಮೇಲೆ ಕಾಣುತ್ತದೆ. ಅದಕ್ಕೆ ಇದರ ತಯಾರಿಯೂ 8 ವಾರ ಮೊದಲೇ. ಟಗರಿನ ಮೈಕಟ್ಟು 3.5ರಿಂದ 4ರಲ್ಲಿರಲಿ. ಬೆದೆಕಾಲದಲ್ಲಿ ಅದು ಮೇವು ಬಿಟ್ಟು ಓಡಾಡುತ್ತದೆ, ತೂಕ ಕಳೆದುಕೊಳ್ಳುತ್ತದೆ.

ಟಗರಿನ ಬೀಜಗಳನ್ನು, ಅಂದರೆ ವೃಷಣಗಳನ್ನು, ಕೈಯಲ್ಲಿ ಹಿಡಿದು ನೋಡಿ. ಎರಡೂ ಸಮನಾಗಿ, ಗಟ್ಟಿಯಾಗಿ, ಪುಟಿಯುವಂತೆ ಇರಬೇಕು. ಗಂಟು, ಊತ, ಮೆತ್ತಗಾದದ್ದು ಕಂಡರೆ ಪಶುವೈದ್ಯರಿಗೆ ತೋರಿಸಿ. ಎರಡು ತಿಂಗಳೊಳಗೆ ಜೋರು ಜ್ವರ ಬಂದಿದ್ದರೂ ವೀರ್ಯ ಕೆಟ್ಟಿರಬಹುದು.

ಟಗರಿಗೆ ಕಾಳು ಜಾಸ್ತಿಯಾದರೆ ರಂಜಕ ಹೆಚ್ಚಾಗಿ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಆಹಾರದಲ್ಲಿ ಸುಣ್ಣಾಂಶ ರಂಜಕದ ಎರಡು ಪಟ್ಟು ಇರುವಂತೆ ನೋಡಿಕೊಳ್ಳಿ, ನೀರು ಸದಾ ಇರಲಿ. ಟಗರು ಮುಕ್ಕಿರಿಯುತ್ತ ಹನಿ ಹನಿ ಮೂತ್ರ ಹೊಯ್ದರೆ ಅದೇ ದಿನ ವೈದ್ಯರನ್ನು ಕರೆಸಿ.

ಬಲಿತ ಟಗರಿಗೆ 30ರಿಂದ 40 ಕುರಿ, ಎಳೆಯದಕ್ಕೆ 15ರಿಂದ 20. ಟಗರನ್ನು ಕಣ್ಣಿಗೂ ಮೂಗಿಗೂ ಸಿಗದಷ್ಟು ದೂರದಲ್ಲಿ 6 ವಾರ ಇಟ್ಟು ಆಮೇಲೆ ತಂದರೆ, ಬೆದೆಗೆ ಬಾರದೆ ಕುಳಿತ ಹಲವು ಕುರಿಗಳೂ ಎಚ್ಚೆತ್ತುಕೊಳ್ಳುತ್ತವೆ. ಮೊದಲ ಸಲ ಮೊಟ್ಟೆ ಬಿಟ್ಟರೂ ಬೆದೆ ಹೊರಗೆ ಕಾಣುವುದಿಲ್ಲ. ಕಾಣುವ ಬೆದೆ ಸುಮಾರು 18ರಿಂದ 24ನೇ ದಿನದ ಸುತ್ತ ಬರುತ್ತದೆ.

## ಹಂತ 5: ಕಾಳು ಏರಿಸುವುದು, ಅಂದರೆ ಫ್ಲಶಿಂಗ್ (3 ವಾರ ಮೊದಲು)

ಬೆದೆಗೆ ಮೊದಲು ಮೈಗೆ ಸಿಗುವ ಶಕ್ತಿ ಏರುತ್ತಿದ್ದರೆ ಅಂಡಾಶಯದಲ್ಲಿ ಒಂದರ ಬದಲು ಎರಡು ಮೊಟ್ಟೆ ಬಲಿತು ಬಿಡುಗಡೆಯಾಗುವ ಸಾಧ್ಯತೆ ಹೆಚ್ಚುತ್ತದೆ. ಫ್ಲಶಿಂಗ್ ಮಾಡುವುದು ಇದಕ್ಕೆ. ಕುರಿಯ ಬೆದೆ ಸುಮಾರು 17 ದಿನಕ್ಕೊಮ್ಮೆ ಬರುತ್ತದೆ. ಒಂದು ಪೂರ್ತಿ ಸುತ್ತಾದರೂ ಒಳ್ಳೆಯ ಆಹಾರದಲ್ಲಿ ಕಳೆಯಲಿ ಎಂದೇ ಮೂರು ವಾರದ ಲೆಕ್ಕ.

ಬೇಕಾಗಿರುವುದು ಮುಖ್ಯವಾಗಿ ಶಕ್ತಿ. ಮೆಕ್ಕೆಜೋಳ, ಬಾರ್ಲಿ, ಓಟ್ಸ್, ಜೋಳ ಯಾವುದಾದರೂ ನಡೆಯುತ್ತದೆ. ಮೇವು ತೀರಾ ಒಣಗಿದ್ದರೆ ಸ್ವಲ್ಪ ಹಿಂಡಿ ಸೇರಿಸಿ. ಬರೀ ಹಿಂಡಿ ಸುರಿಯುವುದು, ಯೂರಿಯಾ ಬೆರೆಸಿದ ಮೇವನ್ನು ಇದೇ ಹೊತ್ತಿಗೆ ಹೊಸದಾಗಿ ಶುರು ಮಾಡುವುದು ಬೇಡ. ಹೊಟ್ಟೆಯಲ್ಲಿ ಅಮೋನಿಯಾ ಹೆಚ್ಚಾಗಿ, ರಕ್ತದಲ್ಲಿ ಯೂರಿಯಾ ಏರಿ, ಎಳೆಯ ಭ್ರೂಣಕ್ಕೆ ತೊಂದರೆಯಾಗುತ್ತದೆ.

ಏರಿಸುವ ಕ್ರಮ ಹೀಗಿರಲಿ. ಮೊದಲ ದಿನ ತಲಾ 50 ಗ್ರಾಂ. ಎರಡು ದಿನಕ್ಕೊಮ್ಮೆ 50 ಗ್ರಾಂ ಏರಿಸಿ. ಹನ್ನೊಂದನೇ ದಿನಕ್ಕೆ 300 ಗ್ರಾಂ ಆಗುತ್ತದೆ. 30–40 ಕೆ.ಜಿ. ಕುರಿಗೆ 250ರಿಂದ 300 ಗ್ರಾಂಗೆ ನಿಲ್ಲಿಸಿ. ದೊಡ್ಡ ತಳಿಗೆ 400–500 ಗ್ರಾಂವರೆಗೆ ಹೋಗಬಹುದು, ಆದರೆ ಬೆಳಿಗ್ಗೆ ಸಂಜೆ ಎರಡು ಪಾಲು ಮಾಡಿ. ಕಾಳಿಗೆ ಮೊದಲು ಒಂದಿಷ್ಟು ಒಣ ಮೇವು ತಿನ್ನಿಸಿ. ಖಾಲಿ ಹೊಟ್ಟೆಗೆ ಕಾಳು ಹಾಕಿದರೆ ಗಬಗಬ ತಿಂದು ಕೆಡುತ್ತವೆ.

ನುಣ್ಣಗೆ ಹಿಟ್ಟು ಮಾಡಬೇಡಿ. ಹಿಟ್ಟು ಹೊಟ್ಟೆಯಲ್ಲಿ ಬೇಗ ಹುಳಿಯುತ್ತದೆ. ಕುರಿ ಚೆನ್ನಾಗಿ ಅಗಿಯುವ ಪ್ರಾಣಿ. ಹೆಚ್ಚಿನ ಕಾಳನ್ನು ಇಡಿಯಾಗಿಯೋ ಒಡಕಾಗಿಯೋ ಕೊಟ್ಟರೆ ಸಾಕು.

ಅಪಾಯದ ಗುರುತುಗಳು: ಮೆಲುಕು ನಿಲ್ಲಿಸಿ ತಲೆ ತಗ್ಗಿಸಿ ನಿಲ್ಲುವುದು, ಹಲ್ಲು ಕಡಿಯುವುದು, ಹುಳಿ ವಾಸನೆಯ ನೀರಾದ ಭೇದಿ, ತೂರಾಡುವ ನಡಿಗೆ. ಇದು ಹೊಟ್ಟೆ ಹುಳಿಯಾದ ಲಕ್ಷಣ. ಕಾಳು ತಕ್ಷಣ ನಿಲ್ಲಿಸಿ, ಒಣ ಮೇವು ಮಾತ್ರ ಕೊಡಿ, ವೈದ್ಯರಿಗೆ ಹೇಳಿ. ಒಂದು ಕುರಿಯಲ್ಲಿ ಕಂಡರೂ ಆವತ್ತು ಇಡೀ ಗುಂಪನ್ನು ಪರೀಕ್ಷಿಸಿ. ಹಿಕ್ಕೆ ಮೆತ್ತಗಾಗುವುದೇ ಮೊದಲ ಸುಳಿವು. ಆಗಲೇ ಏರಿಕೆ ನಿಲ್ಲಿಸಿದರೆ ಹೆಚ್ಚಿನವು ಉಳಿಯುತ್ತವೆ.

ಮೇಯಿಸುವ ಜಾಗದ ಬಗ್ಗೆ ಒಂದು ಮಾತು. ಕೆಂಪು ಕ್ಲೋವರ್ ಹುಲ್ಲಿನಲ್ಲಿ ಹೆಣ್ಣು ಹಾರ್ಮೋನಿನಂತೆ ಕೆಲಸ ಮಾಡುವ ಪದಾರ್ಥ ಇರುತ್ತದೆ. ಅದನ್ನೇ ಮೇಯುವ ಕುರಿಗಳಲ್ಲಿ ಗಬ್ಬ ನಿಲ್ಲುವುದು ಕಡಿಮೆಯಾಗುತ್ತದೆ. ರೋಗ ಬಿದ್ದ ಕುದುರೆಮಸಾಲೆ, ಅಂದರೆ ಲೂಸರ್ನ್, ಕೂಡ ಹಾಗೆಯೇ. 4ರಿಂದ 6 ವಾರ ಮೊದಲೇ ಅಲ್ಲಿಂದ ಬಿಡಿಸಿ. ಪುಷ್ಟಿಯಾದ ಹಸಿ ಮೇವೇ ಗಬ್ಬ ತಪ್ಪಿಸುತ್ತದೆ ಅಂತ ಯಾರಿಗೂ ಸುಲಭಕ್ಕೆ ಹೊಳೆಯುವುದಿಲ್ಲ.

## ಹಂತ 6: ಖನಿಜ ಮತ್ತು ವಿಟಮಿನ್ (8 ವಾರ ಮೊದಲಿನಿಂದ)

ಇದನ್ನು ಆರನೆಯದಾಗಿ ಬರೆದಿದ್ದರೂ ಕೊಡಲು ಶುರು ಮಾಡುವುದು ಮೈಕಟ್ಟು ನೋಡಿದ ವಾರದಲ್ಲೇ. ಅತಿ ಹೆಚ್ಚು ಹಾನಿಯಾಗುವುದೂ ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ತಾಮ್ರ. ದನಕ್ಕೆ, ಹಂದಿಗೆ, ಕೋಳಿಗೆ ಮಾಡಿದ ಖನಿಜ ಮಿಶ್ರಣ ಅಥವಾ ಆಹಾರ ಕುರಿಗೆ ಬೇಡ. ಕೋಳಿ ಗೊಬ್ಬರ ಬೆರೆಸಿದ ಮೇವೂ ಬೇಡ. ಅವುಗಳಲ್ಲಿನ ತಾಮ್ರ ಕುರಿಗೆ ವಿಷ. ಕುರಿಯ ಪಿತ್ತಜನಕಾಂಗ ಹೆಚ್ಚಿನ ತಾಮ್ರವನ್ನು ಹೊರಹಾಕಲಾರದು. ವಾರಗಟ್ಟಲೆ, ತಿಂಗಳುಗಟ್ಟಲೆ ಕೂಡಿಡುತ್ತದೆ. ಕುರಿ ಚೆನ್ನಾಗಿಯೇ ಕಾಣುತ್ತಿರುತ್ತದೆ. ಒಂದು ದಿನ ಸಾಗಾಟವೋ ಓಡಿಸಾಟವೋ ಆದಾಗ ಅದು ಒಮ್ಮೆಲೇ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಕಣ್ಣು, ಒಸಡು ಹಳದಿಯಾಗಿ, ಮೂತ್ರ ಕಡು ಕೆಂಪಾಗಿ ಒಂದೆರಡು ದಿನದಲ್ಲಿ ಸಾಯುತ್ತದೆ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಕುರಿಯ ಪೂರ್ಣ ಆಹಾರಕ್ಕೆ ಇರುವ ಮಿತಿ ಕೆ.ಜಿ.ಗೆ 15 ಮಿ.ಗ್ರಾಂ ತಾಮ್ರ. ಚೀಲದ ಮೇಲೆ ಇದನ್ನು ಓದದೆ ಕೊಳ್ಳಬೇಡಿ.

ತಾಮ್ರ ಕಡಿಮೆಯಾದರೂ ತೊಂದರೆ ಇದೆ. ಮರಿಗಳು ಹಿಂಗಾಲು ತೂರಾಡುತ್ತ ಹುಟ್ಟುತ್ತವೆ. ಆದರೆ ಅದನ್ನು ಪರೀಕ್ಷೆ ಮಾಡಿಸಿ ವೈದ್ಯರ ಲೆಕ್ಕದಲ್ಲೇ ಸರಿಪಡಿಸಬೇಕು. ಊಹೆಯ ಮೇಲೆ ತಾಮ್ರ ಕೊಡುವುದು ಬೇಡ.

ಸೆಲೆನಿಯಂ ಮತ್ತು ವಿಟಮಿನ್ ಇ. ಕೊರತೆಯಾದರೆ ಎಳೆಯ ಭ್ರೂಣ ಉಳಿಯುವುದಿಲ್ಲ, ಹುಟ್ಟಿದ ಮರಿಗಳ ಮಾಂಸಖಂಡ ಬಿಳಿಚಿ ಸೆಟೆದುಕೊಳ್ಳುತ್ತದೆ. ಆದರೆ ಬೇಕಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಅಂತರ ತೀರಾ ಕಡಿಮೆ. ಸೆಲೆನಿಯಂ ಇರುವ ಮಿಶ್ರಣ ತಿನ್ನಿಸುತ್ತ, ಅದೇ ವಾರ ಚುಚ್ಚುಮದ್ದೂ ಕೊಟ್ಟು, ಬಾಯಿಗೂ ಹಾಕಬೇಡಿ. ಒಂದೇ ದಾರಿ ಆರಿಸಿ.

ರಂಜಕ, ಅಯೋಡಿನ್, ಕೋಬಾಲ್ಟ್, ಸತು. ಒಣಗಿದ ಹುಲ್ಲಿನಲ್ಲಿ ರಂಜಕ ಕಡಿಮೆ. ಕೊರತೆಯಿರುವ ಕುರಿ ಬೆದೆಯನ್ನೇ ತೋರಿಸದೆ ಇರಬಹುದು. ಅಯೋಡಿನ್ ಸಾಲದಿದ್ದರೆ ಗಂಟಲು ಊದಿದ, ಉಣ್ಣೆಯಿಲ್ಲದ ಮರಿ ಸತ್ತು ಹುಟ್ಟುತ್ತದೆ. ಎಲೆಕೋಸು ಜಾತಿಯ ಮೇವನ್ನು ತುಂಬಾ ತಿನ್ನಿಸುವವರು ಇದರ ಕಡೆ ಹೆಚ್ಚು ಗಮನ ಕೊಡಬೇಕು. ಕೋಬಾಲ್ಟ್‌ನಿಂದ ಕುರಿಯ ಹೊಟ್ಟೆಯಲ್ಲೇ ಬಿ12 ತಯಾರಾಗುತ್ತದೆ, ಅದಿಲ್ಲದೆ ಕುರಿ ಮೇವು ಬಿಟ್ಟು ಸೊರಗುತ್ತದೆ. ಸತು ಟಗರಿನ ಬೀಜಕ್ಕೆ ಮುಖ್ಯ.

ವಿಟಮಿನ್ ಎ. ಹಸಿರು ಮೇವು ಸಿಗುತ್ತಿದ್ದರೆ ಬೇರೆ ಬೇಡ. ತಿಂಗಳುಗಟ್ಟಲೆ ಬರೀ ಒಣ ಹುಲ್ಲು ತಿಂದ ಹಿಂಡಿಗೆ ಮಾತ್ರ ಕೊಡಿ.

ಈಗ ಲೆಕ್ಕ. ಕುರಿಗೆಂದೇ ಮಾಡಿದ ಮಿಶ್ರಣ ಸಾಮಾನ್ಯವಾಗಿ ದಿನಕ್ಕೆ ತಲಾ 10ರಿಂದ 15 ಗ್ರಾಂ ಕೊಡುವಂಥದ್ದು. ಚೀಲದ ಮೇಲೆ ಬೇರೆ ಬರೆದಿದ್ದರೆ ಅದನ್ನೇ ನಂಬಿ. ಕಾಳಿಗೆ ಶೇಕಡಾ ಇಷ್ಟು ಎಂದು ಬೆರೆಸಬೇಡಿ, ಏಕೆಂದರೆ ಕಾಳಿನ ಪ್ರಮಾಣ ದಿನದಿನಕ್ಕೂ ಬದಲಾಗುತ್ತಿದೆ. ತಲೆಗೆ ಲೆಕ್ಕ ಹಾಕಿ. 40 ಕುರಿ, ತಲಾ 10 ಗ್ರಾಂ, ಒಟ್ಟು 400 ಗ್ರಾಂ. ಅದನ್ನು ಆ ದಿನದ ಕಾಳಿಗೆ ಬೆರೆಸಿ ಹಾಕಿ. ಕಾಳು ಇನ್ನೂ ಶುರುವಾಗದ ವಾರಗಳಲ್ಲಿ ಸ್ವಲ್ಪ ತೌಡಿಗೆ ಬೆರೆಸಬಹುದು. ಅಂಗಡಿಯ ಸಿದ್ಧ ಆಹಾರದಲ್ಲಿ ಖನಿಜ ಮೊದಲೇ ಸೇರಿದ್ದರೆ ಮತ್ತೆ ಹಾಕಬೇಡಿ.

ನೆಕ್ಕುವ ಇಟ್ಟಿಗೆ ತೂಗುಹಾಕಿ ಸುಮ್ನೆ ಇರುವವರು ತುಂಬಾ ಜನ. ಗಟ್ಟಿ ಇಟ್ಟಿಗೆಯಿಂದ ಯಾವ ಕುರಿ ಎಷ್ಟು ನೆಕ್ಕಿತು ಅಂತ ಹೇಳಲು ಬರುವುದಿಲ್ಲ. ಕೆಲವು ಹತ್ತಿರವೇ ಹೋಗುವುದಿಲ್ಲ. ಪುಡಿಯೇ ನಂಬಿಕೆಯದು.

## ಹಂತ 7: ಟಗರು ಬಿಟ್ಟ ಮೇಲೆ ಮೊದಲ ತಿಂಗಳು

ಮೇಲಿನದೆಲ್ಲ ಸರಿಯಾಗಿ ಮಾಡಿದವರೂ ಸೋಲುವ ಜಾಗ ಇದು. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳಲು ಶುರು ಮಾಡುವುದು ಸುಮಾರು 15–16ನೇ ದಿನಕ್ಕೆ. ಗಟ್ಟಿಯಾಗಿ ಕೂರಲು ತಿಂಗಳು ಬೇಕು. ಅಷ್ಟರೊಳಗೆ ಮೇವು ಏಕಾಏಕಿ ಇಳಿದರೆ ಭ್ರೂಣ ಹೋಗುತ್ತದೆ. ಏಕಾಏಕಿ ತುಂಬಾ ಹೆಚ್ಚಿಸಿದರೂ ಕಷ್ಟವೇ, ಏಕೆಂದರೆ ಹೆಚ್ಚು ತಿಂದಾಗ ಗಬ್ಬ ಉಳಿಸುವ ಪ್ರೊಜೆಸ್ಟರೋನ್ ಹಾರ್ಮೋನು ರಕ್ತದಿಂದ ಬೇಗ ಕರಗಿ ಹೋಗುತ್ತದೆ.

ಟಗರು ಬಿಟ್ಟ ಮೇಲೂ ಎರಡು ಮೂರು ವಾರ ಅದೇ ಕಾಳು ಅದೇ ಹೊತ್ತಿಗೆ ಕೊಡಿ. ಆಮೇಲೆ ಒಂದು ವಾರ ಹಿಡಿದು ನಿಧಾನವಾಗಿ ಇಳಿಸಿ. ದೂರ ಅಟ್ಟಿಕೊಂಡು ಹೋಗುವುದು, ಲಾರಿ ಪ್ರಯಾಣ, ಉಣ್ಣೆ ಕತ್ತರಿಸುವುದು, ನಾಯಿ ಕಾಟ, ಸುಡು ಬಿಸಿಲು ಯಾವುದೂ ಈ ತಿಂಗಳಲ್ಲಿ ಬೇಡ. ನೆರಳು, ನೀರು ಎರಡೂ ಸದಾ ಇರಲಿ.

ಟಗರಿನ ಎದೆಗೆ ಬಣ್ಣ ಹಚ್ಚಿ. ಅದು ಏರಿದ ಕುರಿಯ ಹಿಂಬದಿಗೆ ಆ ಬಣ್ಣ ಅಂಟುತ್ತದೆ. 16–17 ದಿನಕ್ಕೊಮ್ಮೆ ಬಣ್ಣ ಬದಲಿಸಿ, ತಿಳಿಯಿಂದ ಗಾಢಕ್ಕೆ ಹೋಗಿ. ಯಾವ ಕುರಿಗೆ ಯಾವ ಬಣ್ಣ ಅಂತ ಬರೆದಿಡಿ. 34ರಿಂದ 35 ದಿನ, ಅಂದರೆ ಎರಡು ಸುತ್ತು ಬಿಟ್ಟರೆ ಸಾಕು. ಬೇಕಾದರೆ ಮೂರನೆಯದೂ ಆಗಬಹುದು.

## ಹಂತ 8: ಸ್ಕ್ಯಾನ್ ಮತ್ತು ಮುಂದಿನ ಮೇವು

ಗಬ್ಬದ 45ರಿಂದ 90ನೇ ದಿನದೊಳಗೆ ಅಲ್ಟ್ರಾಸೌಂಡ್ ಮಾಡಿಸಿದರೆ ಒಂದು ಮರಿಯೋ ಎರಡೋ ಗೊತ್ತಾಗುತ್ತದೆ. ನಡುವಿನ ತಿಂಗಳುಗಳಲ್ಲಿ ಮೈಕಟ್ಟು ಅರ್ಧ ಅಂಕಕ್ಕಿಂತ ಹೆಚ್ಚು ಇಳಿಯದಿದ್ದರೆ ಸಾಕು.

ಹೊಟ್ಟೆಯಲ್ಲಿನ ಮರಿಯ ತೂಕದ ಸುಮಾರು ಶೇ. 70ರಷ್ಟು ಕೊನೆಯ 6 ವಾರದಲ್ಲಿ ಬೆಳೆಯುತ್ತದೆ. ಅವಳಿಯ ತಾಯಂದಿರನ್ನು ಆಗ ಬೇರೆ ಮಾಡಿ, ಹಿಂದಿನಂತೆಯೇ ನಿಧಾನವಾಗಿ ಕಾಳು ಏರಿಸಿ. ಕುರಿ ಹಿಂಡಿನಿಂದ ದೂರ ನಿಂತು, ಮೇವು ಮುಟ್ಟದೆ, ಕಣ್ಣು ಕಾಣದಂತೆ ಎಡವಿ ನಡೆದರೆ ಅದು ಗಬ್ಬದ ನಂಜು. ಗಂಟೆಗಳ ಲೆಕ್ಕದಲ್ಲಿ ವೈದ್ಯರನ್ನು ಕರೆಸಬೇಕು.

## ಹಂತ 9: ಎಲ್ಲಿ ತಪ್ಪಿತು ಅಂತ ನೋಟ್‌ಬುಕ್ ನೋಡಿ

ಬಣ್ಣವೇ ಬಿದ್ದಿಲ್ಲ: ಕುರಿ ಬೆದೆಗೆ ಬಂದಿಲ್ಲ ಅಥವಾ ಟಗರು ಕೆಲಸ ಮಾಡಿಲ್ಲ. ಬಡಕಲು ಗುಂಪಿನಲ್ಲಿ ಮಾತ್ರ ಹೀಗಾಗಿದ್ದರೆ ಹಂತ 2 ತಡವಾಗಿದೆ.

ಎರಡನೇ ಬಣ್ಣ ತುಂಬಾ ಕುರಿಗಳ ಮೇಲಿದೆ: ಮೊದಲ ಸಲ ಗಬ್ಬ ನಿಲ್ಲದೆ ಮತ್ತೆ ಬೆದೆಗೆ ಬಂದಿವೆ. ಮೂರೂ ಗುಂಪಿನಲ್ಲಿ ಸಮನಾಗಿ ಇದ್ದರೆ ಮೊದಲು ಟಗರಿನ ವೀರ್ಯ ಪರೀಕ್ಷೆ ಮಾಡಿಸಿ. ಒಂದೇ ಗುಂಪಿನಲ್ಲಿದ್ದರೆ ಆ ಗುಂಪಿನ ಮೇವು ಮತ್ತು ಜಂತು ನೋಡಿ.

ಒಂದೇ ಬಣ್ಣ, ಆದರೆ ಸ್ಕ್ಯಾನಿನಲ್ಲಿ ಖಾಲಿ: ಭ್ರೂಣ ನಿಂತು ಆಮೇಲೆ ಹೋಗಿರಬಹುದು. ಹಂತ 7ರ ದಿನಗಳಲ್ಲಿ ಏನು ಬದಲಾಯಿತು ಅಂತ ಹುಡುಕಿ. ಸೆಲೆನಿಯಂ ಪರೀಕ್ಷೆಯನ್ನೂ ಮಾಡಿಸಿ.

ಎಲ್ಲ ಗಬ್ಬ, ಆದರೆ ಒಂಟಿ ಮರಿ: ಕಾಳು ತಡವಾಗಿ ಶುರುವಾಗಿದೆ, ಅಥವಾ ಗೋದಲಿಯಲ್ಲಿ ಎಲ್ಲಕ್ಕೂ ಸಿಕ್ಕಿಲ್ಲ. ತಳಿಯ ಗುಣವೂ ಇರಬಹುದು. ಅವಳಿ ಕೊಡದ ತಳಿಯನ್ನು ಆಹಾರದಿಂದ ಬದಲಿಸಲು ಆಗುವುದಿಲ್ಲ.

ಗಬ್ಬ ಹೋಗುತ್ತಿದೆ: ಒಂದರ ಹಿಂದೆ ಒಂದು ಕುರಿ ಗರ್ಭ ಹಾಕುತ್ತಿದ್ದರೆ ಇದು ಪೂರಕ ಆಹಾರದ ವಿಷಯವಲ್ಲ, ಸೋಂಕು ಇರಬಹುದು. ಬ್ರೂಸೆಲ್ಲಾ, ಟಾಕ್ಸೋಪ್ಲಾಸ್ಮಾ, ಕ್ಲಮೀಡಿಯಾ ಎಲ್ಲವೂ ಮನುಷ್ಯರಿಗೂ ಹರಡುತ್ತವೆ. ಕೈಗವಸು ಇಲ್ಲದೆ ಸತ್ತ ಮರಿ, ಮಾಸು ಮುಟ್ಟಬೇಡಿ. ಬಸುರಿ ಹೆಂಗಸರು ಆ ಕಡೆ ಹೋಗಲೇಬಾರದು. ಆ ಕುರಿಯನ್ನು ಬೇರೆ ಕಟ್ಟಿ, ಮಾದರಿಯನ್ನು ವೈದ್ಯರ ಮೂಲಕ ಪರೀಕ್ಷೆಗೆ ಕಳಿಸಿ.

ಖಾಲಿ ಉಳಿದ ಕುರಿಗಳನ್ನು ಮಾರುವ ಮೊದಲು ಅವುಗಳ ಹಳೆಯ ಅಂಕ ನೋಡಿ. ಟಗರು ಬಿಟ್ಟ ದಿನ 2ರಲ್ಲಿದ್ದ ಕುರಿಗೆ, ಹಲ್ಲು ಕೆಚ್ಚಲು ಚೆನ್ನಾಗಿದ್ದರೆ, ಮೈ ತುಂಬಿಸಿ ಇನ್ನೊಂದು ಅವಕಾಶ ಕೊಡಿ. 3ರಲ್ಲಿದ್ದೂ ಎರಡು ಸಲ ಖಾಲಿ ಉಳಿದ ಕುರಿಯನ್ನು ಹಿಂಡಿನಿಂದ ತೆಗೆಯಿರಿ, ಅದರ ಪಾಲಿನ ಕಾಳು ಬೇರೆ ಕುರಿಗೆ ಸಿಗಲಿ.